ನಲವತ್ತೊಂದನೇ ಕೊಳವೆ

ಫೆಬ್ರವರಿ 4, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಐದನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನನ್ನ ಕೈ ಪೆನ್ನಿಗಿಂತ ಬ್ರಷ್ ಹಿಡಿದದ್ದೇ ಹೆಚ್ಚು. ಒತ್ತಕ್ಷರ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಬಾವನಿಗೆ ಮಾತ್ರ ತೋರಿಸಬೇಡ. ಫೋನ್ ಇರುವುದು ಬಾವನ ಜೇಬಿನಲ್ಲಿ, ಫೋನಿನಲ್ಲಿ ನನಗೆ ಮಾತೂ ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ನಿಮ್ಮ ಆಸ್ಪತ್ರೆಯಿಂದ ಮಂಗಳವಾರ ಮತ್ತು ಶುಕ್ರವಾರ ರಕ್ತದ ಪೆಟ್ಟಿಗೆ ಬರುವುದು ನಮ್ಮ ಲ್ಯಾಬಿಗೇ ಎಂದು ಇವತ್ತು ಗೊತ್ತಾಯಿತು. ಪೆಟ್ಟಿಗೆಗೆ ಹೊರಗೊಂದು ಚೀಲವಿದೆ, ರಕ್ತದ ನಂಬರುಗಳ ಪಟ್ಟಿ ಇಡುವುದಕ್ಕೆ. ಡ್ರೈವರ್ ಅಣ್ಣ ಹೇಳಿದ, "ಅದರಲ್ಲಿ ಒಂದು ಕಾಗದ ಹಾಕಿದ್ರೆ ನನ್ನ ಗಾಡಿಯೇನೂ ಭಾರ ಆಗಲ್ಲ ಬಿಡು." ಸಂಜೆ ಖಾಲಿ ಪೆಟ್ಟಿಗೆ ವಾಪಸು ಹೋಗುವಾಗ ಇದೂ ಬರುತ್ತದೆ.

ನನ್ನ ಕೆಲಸ ತೊಳೆಯುವ ಕೋಣೆಯಲ್ಲಿ. ಮೂರು ತೊಟ್ಟಿ, ಒಂದು ಕಿಟಕಿ. ಬಾಟಲಿಗಳನ್ನು ಒಂದು ಸಲ ಸೋಪಿನಲ್ಲಿ ತೊಳೆದು ಏಳು ಸಲ ನೀರಿನಲ್ಲಿ ಜಾಲಿಸಬೇಕು. ಆರು ಸಲ ಸಾಲದು. ಯಾಕೆಂದು ಕೇಳಲು ಹೆದರಿಕೆಯಾಗಿ ಹದಿನೈದು ದಿನ ಸುಮ್ಮನೆ ಜಾಲಿಸಿದೆ. ಇಲ್ಲಿ ಓದುವ ಹುಡುಗನೊಬ್ಬನಿದ್ದಾನೆ. ಅವನ ಮುಖಕ್ಕಿಂತ ಕನ್ನಡಕವೇ ದೊಡ್ಡದು, ಹಾಗಾಗಿ ಎಲ್ಲರಿಗೂ ಅವನು ಕನ್ನಡಕ. ಅವನೇ ಒಂದು ದಿನ ಹೇಳಿದ. ನಮ್ಮ ಮೈಯ ಪ್ರತಿಯೊಂದು ಕೋಶವೂ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತದಂತೆ. ಅವು ರಕ್ತದಲ್ಲಿ ತೇಲುತ್ತವಂತೆ. "ನೆರೆಮನೆಗೆ ಕಳಿಸೋ ಬುತ್ತಿ ಗಂಟು ಅನ್ಕೋ. ಗಂಟು ಬಿಚ್ಚಿ ನೋಡಿದ್ರೆ ಆ ಮನೆ ಒಲೆ ಮೇಲೆ ಏನು ಬೇಯ್ತಾ ಇದೆ, ಏನು ಸೀದುಹೋಗಿದೆ ಅಂತ ಗೊತ್ತಾಗುತ್ತಲ್ಲ, ಹಾಗೆ." ಆ ಗಂಟಿನೊಳಗಿನ ಪ್ರೋಟೀನುಗಳನ್ನು ಇವರು ಎಣಿಸುತ್ತಾರೆ. ಹೊಟ್ಟೆಯ ಹಿಂದೆ ಒಂದು ಗ್ರಂಥಿ ಇದೆ. ಅದಕ್ಕೆ ಕೆಟ್ಟ ರೋಗ ಬಂದರೆ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದಂತೆ. ಅದರ ಸುಳಿವು ಈ ಗಂಟುಗಳಲ್ಲಿ ಮೊದಲೇ ಸಿಗುತ್ತದೆಯೋ ಎಂದು ಇವರ ಹುಡುಕಾಟ.

ಬಾಟಲಿಯಲ್ಲಿ ಸೋಪು ಒಂದು ಹನಿ ಉಳಿದರೂ ಆ ಚೀಲಗಳೆಲ್ಲ ಒಡೆದುಹೋಗುತ್ತವೆ. ಅದಕ್ಕೇ ಏಳು ಸಲ. ಈಗ ನಾನು ಎಂಟು ಸಲ ಜಾಲಿಸುತ್ತೇನೆ.

ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡುವುದಕ್ಕೆ ಆರೋಗ್ಯವಂತರ ರಕ್ತವೂ ಬೇಕಂತೆ. ನಿಮ್ಮಲ್ಲಿ ಕೇಳಿದ್ದಾರಾ?

ನಿನ್ನ ತಂಗಿ

---

ಫೆಬ್ರವರಿ 10, ಸೋಮವಾರ

ಪುಟ್ಟಿಗೆ,

ನಿನ್ನ ಅಕ್ಷರ ಇರುವೆ ಮೆರವಣಿಗೆ ಹೊರಟ ಹಾಗಿದೆ, ಆದರೆ ಸಾಲು ತಪ್ಪಿಲ್ಲ. ಚೆನ್ನಾಗಿಯೇ ಓದಿಕೊಂಡೆ. ಆ ಕನ್ನಡಕದ ಜೊತೆ ಮಾತು ಬೆಳೆಸಿದ್ದೀಯಲ್ಲ, ಪರವಾಗಿಲ್ಲ. ಕಿಟಕಿಯ ಪರದೆಯ ಹಿಂದೆ ನಿಂತು ನೆಂಟರನ್ನು ನೋಡುತ್ತಿದ್ದವಳು ನೀನೇನಾ ಅನಿಸಿತು.

ಕೇಳದೆ ಇರುತ್ತಾರಾ? ನಮ್ಮ ನರ್ಸಮ್ಮ ಆಯಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ರೋಗ ಇಲ್ಲದವರು ಯಾರ್ಯಾರಿದ್ದೀರೋ ಎಲ್ಲರೂ ಒಂದೊಂದು ಕೊಳವೆ ಕೊಡಿ" ಎಂದರು. ನಾನೂ ಕೊಟ್ಟೆ. ಹೋದ ಬುಧವಾರ. ನನ್ನ ನಂಬರು ನಲವತ್ತೊಂದು. ನಿಮ್ಮ ಲ್ಯಾಬಿನ ಯಂತ್ರದೊಳಗೆ ನಿನ್ನ ಅಕ್ಕ ಗಿರಗಿರ ತಿರುಗುತ್ತಾಳೆ, ನೋಡಿ ಕೈಮುಗಿ. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ. ಇರುವೆ ಕಚ್ಚಿದ ಹಾಗೆ ಕೂಡ ಆಗಲಿಲ್ಲ.

ನನ್ನ ಕೆಲಸ ಗೊತ್ತಲ್ಲ, ರಕ್ತ ಕೊಡಲು ಬಂದವರ ಕೈಹಿಡಿದು ನಿಲ್ಲುವುದು. "ಆ ಕಡೆ ನೋಡಿ, ಮನೇಲಿ ಎಷ್ಟು ಜನ, ಮಗು ಏನು ಓದ್ತಿದೆ" ಎನ್ನುತ್ತಿರುವಾಗಲೇ ಕೊಳವೆ ತುಂಬಿರುತ್ತದೆ. ನನ್ನ ಕೈ ಹಿಡಿದರೆ ಯಾರಿಗೂ ತಲೆ ಸುತ್ತುವುದಿಲ್ಲ ಎಂದು ಹೆಸರೇ ಬಂದುಬಿಟ್ಟಿದೆ.

ಪಕ್ಕದ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು ನನ್ನ ಗೆಳತಿ. ಬಾಯಿ ಮುಚ್ಚುವುದೇ ಇಲ್ಲ, ಅದಕ್ಕೆ ಗಿಣಿ ಎಂದು ಕರೆಯುತ್ತೇವೆ. ಇಸ್ತ್ರಿ ಮಾಡಿದ ಬಿಸಿ ಬಟ್ಟೆಯ ರಾಶಿಗೆ ಬೆನ್ನು ಒತ್ತಿಕೊಂಡು ಕಣ್ಣುಮುಚ್ಚಿ ಕೂರುತ್ತಾಳೆ. "ಏನೇ, ಪಟ್ಟದ ರಾಣಿ" ಎಂದರೆ, "ಹತ್ತು ನಿಮಿಷ ರಾಣಿ ಆಗೋಕೂ ಬಿಡಲ್ವಲ್ಲೇ" ಎನ್ನುತ್ತಾಳೆ. ಸೋಮಾರಿ, ಆದರೆ ಒಳ್ಳೆಯವಳು.

ಚೆನ್ನಾಗಿ ಉಣ್ಣು. ಎಂಟು ಸಲ ಜಾಲಿಸಿ ಕೈ ಒಡೆಸಿಕೊಳ್ಳಬೇಡ.

ನಿನ್ನ ಅಕ್ಕ

---

ಮಾರ್ಚ್ 18, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಎಷ್ಟೋ ದಿನ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ನೀನು ಹೇಗಿದ್ದೀಯ? ಊಟ ಸೇರುತ್ತಾ? ಹೊಟ್ಟೆ ನೋವು ಏನಾದರೂ ಬರುತ್ತಾ? ಊಟವಾದ ಮೇಲೆ ಬೆನ್ನು ನೋಯುತ್ತಾ? ಮೈ ಇಳಿದಿದ್ದೀಯಾ? ಮೊದಲಿನ ಬಟ್ಟೆಗಳು ಸಡಿಲ ಆಗಿವೆಯಾ? ಕಣ್ಣು ಹಳದಿ ಕಾಣುತ್ತಾ ಎಂದು ಕನ್ನಡಿಯಲ್ಲಿ ಒಮ್ಮೆ ನೋಡಿಕೋ. ಹಗಲು ಬೆಳಕಿನಲ್ಲಿ ನೋಡಿಕೋ.

ಸುಮ್ಮನೆ ಕೇಳಿದೆ. ಇಲ್ಲಿ ಎಲ್ಲವೂ ಚೆನ್ನಾಗಿದೆ. ಇಲ್ಲಿ ಗೋಡೆಯ ಮೇಲೆ ಹಾಕಿದ್ದನ್ನು ಹೊರಗೆ ಹೇಳಬಾರದೆಂದು ಕೆಲಸಕ್ಕೆ ಸೇರಿದ ದಿನ ಎಲ್ಲರಿಂದಲೂ ರುಜು ಹಾಕಿಸಿಕೊಂಡಿದ್ದಾರೆ. ನಾನೂ ಹಾಕಿದ್ದೇನೆ.

ಶುಕ್ರವಾರದ ಪೆಟ್ಟಿಗೆಯಲ್ಲಿ ತಪ್ಪದೆ ಉತ್ತರ ಕಳಿಸು.

ತಂಗಿ

---

ಮಾರ್ಚ್ 20, ಗುರುವಾರ

ಕಳ್ಳ ಪುಟ್ಟಿ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ನೇರವಾಗಿ ಕೇಳಲು ನಾಚಿಕೆಯಾಗಿ ಊಟ, ಹೊಟ್ಟೆ, ಬೆನ್ನು ಎಂದು ಊರೆಲ್ಲ ಸುತ್ತಿ ಬಂದಿದ್ದೀಯ. ಚಿಕ್ಕಮ್ಮ ಆಗಲು ಇಷ್ಟು ಆತುರವೇ? ಅಂಥ ಸುದ್ದಿ ಏನೂ ಇಲ್ಲ. ಇದ್ದರೆ ಮೊದಲು ನಿನಗೇ ಹೇಳುತ್ತೇನೆ. ಬಟ್ಟೆ ಸಡಿಲವಾಗುವುದಿರಲಿ, ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಿದ್ದೇನೆ. ಕಣ್ಣು ಬೆಳ್ಳಗಿದೆ, ನಾಲಗೆ ಮೊದಲಿನಷ್ಟೇ ಉದ್ದವಿದೆ. ನಿನ್ನ ಬಾವನನ್ನು ಕೇಳು.

ಇಲ್ಲಿ ಒಂದು ಜಗಳವಾಯಿತು. ಆ ಗಿಣಿ ಇದ್ದಳಲ್ಲ, ಚಹಾ ಕುಡಿಯುವಾಗ ಎಲ್ಲರ ಮುಂದೆ ನನ್ನ ಮೇಲೆ ಇಲ್ಲದ್ದೊಂದು ಕಥೆ ಕಟ್ಟಿದಳು. ನನಗೆ ರೇಗಿತು. "ಸುಳ್ಳುಬುರುಕಿ, ನಿನ್ನ ಬಾಯಲ್ಲಿ ನಿಜ ಬಂದ ದಿನ ಸೂರ್ಯ ಪಡುವಣದಲ್ಲಿ ಹುಟ್ತಾನೆ" ಎಂದೆ. ಅವಳು ಲೋಟ ತೊಳೆದಿಟ್ಟು ಹೋದಳು. ಅದರ ಮರುವಾರವೇ ಕೆಲಸ ಬಿಟ್ಟು ಬೇರೆ ಊರಿನ ಯಾವುದೋ ಹಾಸ್ಟೆಲಿನ ಬಟ್ಟೆ ಕೋಣೆ ಸೇರಿದಳಂತೆ. ಹೋದರೆ ಹೋಗಲಿ. ಕಿವಿಗೆ ಆರಾಮ.

ಅಕ್ಕ

---

ಮಾರ್ಚ್ 25, ಮಂಗಳವಾರ

ಅಕ್ಕ,

ನಿನ್ನ ಕಾಗದ ಓದಿ ನನಗೆ ನಗು ಬರಲಿಲ್ಲ. ಭಾನುವಾರ ಅಂಗಡಿಯಿಂದ ಫೋನ್ ಮಾಡಿದ್ದೆ. ಬಾವ ಎತ್ತಿದರು. "ಯಾರು? ಯಾರಪ್ಪಾ ಅದು, ಮಾತಾಡಿ" ಎಂದು ಮೂರು ಸಲ ಕೇಳಿದರು. ನಾನು ಫೋನ್ ಇಟ್ಟುಬಿಟ್ಟೆ. ಅವರಿಗೆ ಹೇಳಬೇಡ.

ರುಜು ಹಾಕಿದ ಮಾತನ್ನು ಈಗ ಮುರಿಯುತ್ತಿದ್ದೇನೆ.

ಇಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇದೆ. ಒಬ್ಬೊಬ್ಬರ ರಕ್ತಕ್ಕೆ ಒಂದೊಂದು ಚುಕ್ಕೆ. ಆರೋಗ್ಯವಂತರದು ನೀಲಿ, ರೋಗಿಗಳದು ಕೆಂಪು. ನೀಲಿ ಚುಕ್ಕೆಗಳೆಲ್ಲ ಕೆಳಗೆ ಎಡಗಡೆ ಗುಂಪಾಗಿವೆ. ಕೆಂಪು ಚುಕ್ಕೆಗಳು ಮೇಲೆ ಬಲಗಡೆ. ನಾನು ದಿನಾ ಬೆಳಗ್ಗೆ ಆ ಗೋಡೆಯ ಕೆಳಗೆ ನೆಲ ಒರೆಸುತ್ತೇನೆ. ಹದಿನೈದು ದಿನದ ಹಿಂದೆ ನೋಡಿದರೆ ಕೆಂಪು ಚುಕ್ಕೆಗಳ ನಡುವೆ ಒಂದೇ ಒಂದು ನೀಲಿ ಚುಕ್ಕೆ. ಪಕ್ಕದಲ್ಲಿ ನಂಬರು ಬರೆದಿತ್ತು. ನಲವತ್ತೊಂದು.

ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಮೊದಲು ನನ್ನ ತಪ್ಪೇ ಎಂದುಕೊಂಡೆ, ಬಾಟಲಿ ಸರಿಯಾಗಿ ಜಾಲಿಸಿರಲಿಲ್ಲ ಎಂದು. ಕನ್ನಡಕನನ್ನು ಕೇಳಿದೆ. "ನಿನ್ನ ತೊಳೆಯೋದ್ರಲ್ಲಿ ತಪ್ಪಿಲ್ಲ. ಒಂದೇ ಬಾಟಲಿಯ ದ್ರಾವಣ ಇಪ್ಪತ್ತು ಕೊಳವೆಗೆ ಹೋಗಿದೆ, ಕೆಟ್ಟಿದ್ರೆ ಇಪ್ಪತ್ತೂ ಕೆಡಬೇಕಿತ್ತು" ಎಂದ. ಈ ಲ್ಯಾಬ್ ನಡೆಸುವ ಮೇಡಂ ಹೇಳುವುದು ಬೇರೆ. ರಕ್ತವನ್ನು ದಾರಿಯಲ್ಲಿ ಕುಲುಕಿದರೆ, ಇಲ್ಲವೇ ಕೆಡದಿರಲಿ ಎಂದು ಯಾರಾದರೂ ಐಸಿನಲ್ಲಿ ಇಟ್ಟರೆ, ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಗಾಬರಿಯಾಗಿ ತಾವೇ ರಾಶಿ ಚೀಲ ಉಗುಳುತ್ತವಂತೆ. ಆಗ ಲೆಕ್ಕ ತಪ್ಪುತ್ತದಂತೆ. "ಮೂರು ಪ್ರೋಟೀನು ಹೆಚ್ಚಿದ್ದ ಮಾತ್ರಕ್ಕೆ ರೋಗ ಅಂತ ಅಲ್ಲ, ನಾವು ಡಾಕ್ಟರಲ್ಲ" ಎಂದೂ ಮೇಡಂ ಹೇಳುತ್ತಾರೆ. ಆದರೂ ಅವರು ಆ ಚುಕ್ಕೆಯ ಮುಂದೆ ತುಂಬ ಹೊತ್ತು ನಿಲ್ಲುತ್ತಾರೆ.

ನಲವತ್ತೊಂದರಿಂದ ಇನ್ನೊಂದು ಕೊಳವೆ ಬೇಕೆಂದು ನಿಮ್ಮ ನರ್ಸಮ್ಮನಿಗೆ ಬರೆದಿದ್ದಾರೆ. ನಂಬರಿನ ಹಿಂದಿರುವ ಹೆಸರು ಗೊತ್ತಿರುವುದು ಅವರೊಬ್ಬರಿಗೇ. ಇಲ್ಲಿ ಗೊತ್ತಿರುವುದು ನನಗೆ ಮಾತ್ರ. ಕೇಳಿದ ದಿನವೇ ಕೊಡು. ಐಸು ಬೇಡ, ಕೊಳವೆ ನೆಟ್ಟಗೆ ನಿಂತಿರಲಿ, ಡ್ರೈವರ್ ಅಣ್ಣನಿಗೆ ನಿಧಾನವಾಗಿ ಓಡಿಸಲು ಹೇಳು.

ಈ ಕಾಗದ ಹರಿದುಹಾಕು.

ತಂಗಿ

---

ಮಾರ್ಚ್ 27, ಗುರುವಾರ

ಪುಟ್ಟಿ,

ಓದಿದೆ. ನೀನು ಹೆದರಬೇಡ. ನನಗೆ ಏನೂ ಆಗಿಲ್ಲ. ಎರಡನೇ ಕೊಳವೆ ಕೊಡುತ್ತೇನೆ, ಸ್ವಲ್ಪ ದಿನ ಹೋಗಲಿ. ಅದು ಸರಿಯಾಗಿಯೇ ಬರುತ್ತದೆ, ಬರೆದಿಟ್ಟುಕೋ. ಆಮೇಲೆ ಈ ಮಾತು ಇಲ್ಲಿಗೆ ಬಿಟ್ಟುಬಿಡು.

ಮೇಡಂ ಬೇರೆ ಏನಾದರೂ ಕೇಳಿದರಾ? ರಕ್ತ ತೆಗೆದ ದಿನದ ಬಗ್ಗೆ?

ಅಕ್ಕ

---

ಮಾರ್ಚ್ 28, ಶುಕ್ರವಾರ

ಅಕ್ಕ,

ನಿನ್ನ ಕಾಗದವನ್ನು ತೊಳೆಯುವ ಕೋಣೆಯ ಕಿಟಕಿಯ ಹತ್ತಿರ ನಾಲ್ಕು ಸಲ ಓದಿದೆ. ಇಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದಿಲ್ಲ. ಒಂದು ತಮಾಷೆಯೂ ಇಲ್ಲ.

ಎರಡನೆಯದು ಸರಿಯಾಗಿ ಬರುತ್ತದೆ ಎಂದು ನಿನಗೆ ಹೇಗೆ ಗೊತ್ತು? ಕನ್ನಡಕನಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ.

ಎರಡನೆಯದು ಸರಿ ಬಂದರೆ ಏನು ಮಾಡುತ್ತೀರಿ ಎಂದು ಕನ್ನಡಕನನ್ನು ಕೇಳಿದೆ. "ಮೊದಲನೇದರ ಮೇಲೆ ಗೆರೆ ಎಳೀತೀವಿ. ಕೊಳವೆ ಕೆಟ್ಟಿತ್ತು ಅಂತ ಬರೀತೀವಿ. ಮುಗೀತು, ಮತ್ತೆ ಯಾರೂ ಅದನ್ನ ತಿರುಗಿ ನೋಡಲ್ಲ" ಎಂದ. ನನಗೆ ಸಮಾಧಾನವಾಗಬೇಕಿತ್ತು.

ಆದರೆ ನಿನ್ನೆಯಿಂದ ಒಂದು ಹಳೆಯ ದಿನ ನೆನಪಾಗುತ್ತಿದೆ. ನಿನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ಅಪ್ಪ ಸೂಜಿ ಹಿಡಿದು ಕೂತಿದ್ದೇ ತಡ, ನೀನು ಕಣ್ಣು ಮೇಲೆ ಮಾಡಿ ಬಿದ್ದುಬಿಟ್ಟೆ. ಸೂಜಿ ಇನ್ನೂ ಮುಟ್ಟಿರಲೇ ಇಲ್ಲ. ಫೆಬ್ರವರಿಯಲ್ಲಿ ನೀನು ಇರುವೆ ಕಚ್ಚಿದ ಹಾಗೆ ಕೂಡ ಆಗಲಿಲ್ಲ ಎಂದು ಬರೆದಾಗ, ಅಕ್ಕ ಧೈರ್ಯವಂತೆ ಆಗಿದ್ದಾಳೆ ಎಂದು ಖುಷಿಪಟ್ಟಿದ್ದೆ.

ಆ ಬುಧವಾರ ಏನಾಯಿತು?

ತಂಗಿ

---

ಏಪ್ರಿಲ್ 3, ಗುರುವಾರ

ಪುಟ್ಟಿ,

ಮಂಗಳವಾರ ಬರೆಯಲಿಲ್ಲ. ಬರೆದು ಹರಿದೆ, ಎರಡು ಸಲ.

ಆ ರಕ್ತ ನನ್ನದಲ್ಲ.

ಬೇರೆಯವರ ಕೈಹಿಡಿದು ಧೈರ್ಯ ಹೇಳುವವಳಿಗೆ ತನ್ನ ಕೈಗೆ ಸೂಜಿ ಕಂಡರೆ ಜೀವ ಹೋಗುತ್ತದೆ ಎಂದು ಯಾರಿಗೆ ಹೇಳಲಿ? ಹೇಳಿದರೆ ನನ್ನ ಕೆಲಸಕ್ಕೇ ಅರ್ಥವಿಲ್ಲ. ಸರದಿ ಬರುವ ಹೊತ್ತಿಗೆ ನಾನು ಬಟ್ಟೆ ಕೋಣೆಯಲ್ಲಿ ಗೋಡೆ ಹಿಡಿದು ನಿಂತಿದ್ದೆ, ಮೈಯೆಲ್ಲ ಬೆವರು. ಗಿಣಿ ನೋಡಿದಳು. "ಅಯ್ಯೋ ಇಷ್ಟೇನಾ? ನಿನ್ನ ಚೀಟಿ ಇಲ್ಲಿ ಕೊಡು. ನನಗೇನು, ಮೈತುಂಬ ರಕ್ತ" ಎಂದಳು. ಅವತ್ತು ನರ್ಸಮ್ಮ ರಜೆ. ಹೊರಗಿನಿಂದ ಬಂದ ಹೊಸ ಹುಡುಗಿಗೆ ನಮ್ಮ ಯಾರ ಮುಖವೂ ಗೊತ್ತಿರಲಿಲ್ಲ. "ನಲವತ್ತೊಂದು" ಎಂದು ಕರೆದಳು, ಗಿಣಿ ಹೋಗಿ ಕೂತಳು. ನಾನು ಅವಳ ಕೈಹಿಡಿದು ನಿಂತೆ, ಪುಟ್ಟಿ. ಅವಳ ರಕ್ತ ನನ್ನ ಹೆಸರಿನಲ್ಲಿ ಹೋಗುತ್ತಿದ್ದಾಗ ಅವಳಿಗೇ "ಆ ಕಡೆ ನೋಡಿ" ಎಂದೆ. ಇಬ್ಬರೂ ನಕ್ಕೆವು.

ಚಹಾ ಕುಡಿಯುವಾಗ ಅವಳು ಹೇಳಿದ ಕಥೆ ಇದೇ. ಅವಳು ಹೇಳಿದ್ದು ನಿಜ. ನಾನು ಎಲ್ಲರ ಮುಂದೆ ಅವಳನ್ನು ಸುಳ್ಳಿ ಮಾಡಿದೆ.

ಈಗ ನೋಡು. ಇದು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ನೀನು ಗೋಡೆಯ ಮಾತು ಹೇಳಿದ್ದೂ ಗೊತ್ತಾಗಿ ನಿನ್ನದೂ ಹೋಗುತ್ತದೆ. ನಾನು ಹೇಗಾದರೂ ಹಲ್ಲು ಕಚ್ಚಿ ಒಂದು ಕೊಳವೆ ಕೊಟ್ಟುಬಿಡುತ್ತೇನೆ. ಗೆರೆ ಎಳೆಯುತ್ತಾರೆ, ಮುಗಿಯುತ್ತದೆ. ಗಿಣಿಗೆ ಏನಾಗಿದೆ, ಕಲ್ಲುಗುಂಡಿನ ಹಾಗಿದ್ದಾಳೆ. ಮೂರು ಪ್ರೋಟೀನು ಹೆಚ್ಚಿದ್ದರೆ ರೋಗ ಅಲ್ಲ ಎಂದು ನಿನ್ನ ಮೇಡಮ್ಮೇ ಹೇಳಿದ್ದಾರಲ್ಲ.

ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೆ ನೀನು ಕೇಳಿದ್ದೆಯಲ್ಲ, ಊಟವಾದ ಮೇಲೆ ಬೆನ್ನು ನೋಯುತ್ತಾ ಎಂದು. ಅವಳು ಬಿಸಿ ಬಟ್ಟೆಯ ರಾಶಿಗೆ ಬೆನ್ನು ಕೊಟ್ಟು ಕೂರುತ್ತಿದ್ದದ್ದು ದಿನಾ ಊಟವಾದ ಮೇಲೆಯೇ. ನಾನು ಅದನ್ನು ಸೋಮಾರಿತನ ಎಂದಿದ್ದೆ.

ಹರಿದುಹಾಕು. ಖಂಡಿತ ಹರಿದುಹಾಕು.

ಅಕ್ಕ

---

ಏಪ್ರಿಲ್ 4, ಶುಕ್ರವಾರ

ಅಕ್ಕನಿಗೆ,

ನಾನು ಹರಿಯಲಿಲ್ಲ. ನನ್ನ ಏಪ್ರನ್ನಿನ ಜೇಬಿನಲ್ಲಿದೆ.

ನೀನು ದೊಡ್ಡವಳು, ನಾನು ನಿನಗೆ ಬುದ್ಧಿ ಹೇಳಿದವಳಲ್ಲ. ಇದನ್ನು ಬರೆಯುವಾಗ ಅಕ್ಷರ ಮೊದಲಿಗಿಂತ ಕೆಟ್ಟದಾಗಿದೆ. ಆದರೂ ಹೇಳುತ್ತೇನೆ. ನಿನ್ನ ಕೊಳವೆ ಬಂದರೆ ಅದು ಸರಿಯಾಗಿಯೇ ಇರುತ್ತದೆ. ಸರಿಯಾಗಿರುವುದರಿಂದಲೇ ಗಿಣಿಯ ಚುಕ್ಕೆಯ ಮೇಲೆ ಗೆರೆ ಬೀಳುತ್ತದೆ. ಆ ರಕ್ತ ಏನೋ ಹೇಳಲು ಬಂದಿತ್ತು, ಅದರ ಬಾಯಿಗೆ ನೀನು ಬಟ್ಟೆ ತುರುಕಿದ ಹಾಗೆ. ಒಂದು ಸಲ ಅವಳನ್ನು ಸುಳ್ಳಿ ಎಂದೆ. ಇದು ಎರಡನೇ ಸಲ.

ಅವಳಿಗೆ ಏನೂ ಇಲ್ಲದಿರಬಹುದು. ಇಲ್ಲ ಎಂದು ಡಾಕ್ಟರು ಹೇಳಲಿ.

ಮಂಗಳವಾರದ ಪೆಟ್ಟಿಗೆಯವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಗಿಣಿಗೂ ನರ್ಸಮ್ಮನಿಗೂ ಹೇಳಿರಬೇಕು. ಇಲ್ಲದಿದ್ದರೆ ನಾನೇ ಮೇಡಂ ಕೋಣೆಗೆ ಹೋಗುತ್ತೇನೆ. ಇಲ್ಲಿಗೆ ಬಂದ ಮೇಲೆ ಅವರ ಮುಂದೆ "ಹೂಂ" ಬಿಟ್ಟು ಬೇರೆ ಮಾತು ಆಡಿಲ್ಲ, ಗೊತ್ತಲ್ಲ. ಆದರೂ ಹೋಗುತ್ತೇನೆ.

ನನ್ನ ಮೇಲೆ ಸಿಟ್ಟು ಮಾಡಿಕೋ. ಪರವಾಗಿಲ್ಲ.

ತಂಗಿ

---

ಏಪ್ರಿಲ್ 8, ಮಂಗಳವಾರ

ಅಕ್ಕ,

ಪೆಟ್ಟಿಗೆ ಹನ್ನೊಂದಕ್ಕೆ ಬಂತು. ಹೊರಚೀಲದಲ್ಲಿ ಪಟ್ಟಿ ಮಾತ್ರ ಇತ್ತು. ಕೈ ಹಾಕಿ ತಳದವರೆಗೂ ಹುಡುಕಿದೆ. ಡ್ರೈವರ್ ಅಣ್ಣನನ್ನು ಕೇಳಿದೆ. "ಇವತ್ತು ನಿಮ್ಮಕ್ಕ ಕಾಣಲೇ ಇಲ್ಲಮ್ಮ" ಎಂದ.

ಆದರೆ ಕೊಳವೆ ಬಂದಿದೆ. ಮೇಲೆ ನಲವತ್ತೊಂದು ಎಂದು ಬರೆದಿದೆ. ಕೊಟ್ಟೇಬಿಟ್ಟೆಯಾ ಅಕ್ಕ? ಹಲ್ಲು ಕಚ್ಚಿಕೊಂಡು ಕೊಟ್ಟುಬಿಟ್ಟೆಯಾ?

ಮಧ್ಯಾಹ್ನ ಮೂರಕ್ಕೆ ಕನ್ನಡಕ ಅದನ್ನು ಯಂತ್ರಕ್ಕೆ ಹಾಕುತ್ತಾನೆ. ಈಗ ಎರಡೂವರೆ. ಕೈ ಒರೆಸಿಕೊಂಡಿದ್ದೇನೆ. ಈ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮೇಡಂ ಕೋಣೆಗೆ ಹೋಗುತ್ತಿದ್ದೇನೆ.

ತಂಗಿ

---

ಏಪ್ರಿಲ್ 10, ಗುರುವಾರ

ಪುಟ್ಟಿ,

ಅದು ನನ್ನ ರಕ್ತವಲ್ಲ, ಗಿಣಿಯದು. ನಿನಗೆ ಬರೆಯಲು ಹೊತ್ತೇ ಸಿಗಲಿಲ್ಲ, ಅಷ್ಟೇ. ನಿನ್ನ ಕಾಗದ ಓದಿ ನನ್ನ ತಂಗಿ ಇಷ್ಟು ಕೆಟ್ಟದಾಗಿ ನನ್ನನ್ನು ತಿಳಿದಳಲ್ಲ ಎಂದು ಮೊದಲು ಅಳು ಬಂತು. ಆಮೇಲೆ, ಬೇರೆ ಏನು ತಿಳಿಯಬೇಕಿತ್ತು ಅವಳು ಎಂದುಕೊಂಡೆ.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಅವಳಿರುವ ಹಾಸ್ಟೆಲಿಗೆ ಹೋದೆ. ಅವಳು ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ಇಳಿದುಹೋಗಿದ್ದಾಳೆ, ಕೊರಳ ಮೂಳೆ ಕಾಣುತ್ತಿದೆ. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

"ಏನಮ್ಮಾ, ಸೂರ್ಯ ಪಡುವಣದಲ್ಲಿ ಹುಟ್ಟಿದನಾ?" ಎಂದಳು.

"ಹುಟ್ಟಿದ ಕಣೇ. ಸುಳ್ಳು ಹೇಳಿದ್ದು ನಾನು."

"ಅದು ನನಗೆ ಅವತ್ತೇ ಗೊತ್ತಿತ್ತು. ಅದನ್ನ ಹೇಳೋಕೆ ನಾಲ್ಕು ಗಂಟೆ ಬಸ್ಸಲ್ಲಿ ಬಂದೆಯಾ?"

"ಅದನ್ನ ಹೇಳೋಕೂ ಬಂದೆ" ಎಂದೆ. ಆಮೇಲೆ ಎಲ್ಲ ಹೇಳಿದೆ. ಗೋಡೆ, ಚುಕ್ಕೆ, ನಲವತ್ತೊಂದು. ಡಾಕ್ಟರು ನೋಡುವವರೆಗೆ ಏನೂ ನಿಜವಲ್ಲ ಎಂದೂ ಹೇಳಿದೆ. ಗಿಣಿ ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಕೊನೆಗೆ, "ನಿನಗೆ ಬರಬೇಕಾದ ಸೂಜಿ ನನಗೆ ಬಂತು, ನನಗೆ ಬರಬೇಕಾದ ಹೆದರಿಕೆ ನಿನಗೆ ಬಂತು. ಸರಿಹೋಯ್ತು" ಎಂದಳು. "ಬೆನ್ನು ನೋಯೋದು ಭಾರ ಎತ್ತಿ ಅಂದುಕೊಂಡಿದ್ದೆ ಕಣೇ."

ಸೋಮವಾರ ಅವಳನ್ನು ಕರೆದುಕೊಂಡು ಬಂದೆ. ನರ್ಸಮ್ಮನ ಮುಂದೆ ಇಬ್ಬರೂ ನಿಂತೆವು. ಅವರ ಬೈಗುಳವನ್ನು ಇಲ್ಲಿ ಬರೆದರೆ ಕಾಗದ ಸುಟ್ಟುಹೋಗುತ್ತದೆ. ಬೈದು ಮುಗಿಸಿ ಅವರೇ ಗಿಣಿಯ ರಕ್ತ ತೆಗೆದರು. "ಹೆಸರು ಬದಲಾದರೂ ನಂಬರು ಅದೇ ಇರಲಿ. ನಂಬರು ಹೆಸರಿಗಲ್ಲ, ರಕ್ತಕ್ಕೆ" ಎಂದು ನಲವತ್ತೊಂದು ಎಂದೇ ಬರೆದರು. ಆಮೇಲೆ ನನ್ನ ಕೈಗೆ ಫೋನ್ ಕೊಟ್ಟರು. "ಅಲ್ಲಿ ಮೇಡಂಗೆ ನೀನೇ ಹೇಳು. ನಾನು ಹೇಳಲ್ಲ." ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ. ಮಂಗಳವಾರ ಬೆಳಗ್ಗೆಯಿಂದ ಗಿಣಿಯ ಜೊತೆ ಸ್ಕ್ಯಾನಿಂಗ್ ಬಾಗಿಲಲ್ಲಿದ್ದೆ. ಅದಕ್ಕೇ ಡ್ರೈವರ್ ಅಣ್ಣನಿಗೆ ಕಾಣಲಿಲ್ಲ.

ಸ್ಕ್ಯಾನಿನಲ್ಲಿ ಏನೋ ಇದೆ. ಬಟಾಣಿ ಕಾಳಿನಷ್ಟು. ಡಾಕ್ಟರು ಏನನ್ನೂ ಬಿಡಿಸಿ ಹೇಳುತ್ತಿಲ್ಲ, ಆದರೆ "ಇಷ್ಟು ಬೇಗ ಹೇಗೆ ಬಂದಿರಿ?" ಎಂದು ಎರಡು ಸಲ ಕೇಳಿದರು.

ನನ್ನನ್ನು ರಕ್ತದ ಕೋಣೆಯಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದ್ದಾರೆ. ಗಿಣಿಯ ಇಸ್ತ್ರಿ ಈಗ ನನ್ನ ಕೈಯಲ್ಲಿದೆ. ಬಟ್ಟೆಯ ರಾಶಿ ನಿಜಕ್ಕೂ ಬೆಚ್ಚಗಿರುತ್ತದೆ.

ಮೇಡಂ ಕೋಣೆಯಲ್ಲಿ ಏನಾಯಿತು? ಬರೆ.

ಅಕ್ಕ

---

ಮೇ 2, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ನಿನ್ನನ್ನು ತಪ್ಪು ತಿಳಿದೆ. ಕ್ಷಮಿಸು.

ಮೇಡಂ ಕೋಣೆಯ ಬಾಗಿಲು ತಟ್ಟಿದೆ. ಒಳಗೆ ಹೋದೆ. ಬಾಯಿಗೆ ಬಂದದ್ದನ್ನು ಒಂದೇ ಉಸಿರಿಗೆ ಹೇಳಿದೆ. ನಲವತ್ತೊಂದು ನನ್ನ ಅಕ್ಕನ ನಂಬರು, ಆದರೆ ರಕ್ತ ಅಕ್ಕನದಲ್ಲ, ಗೋಡೆಯ ಮಾತನ್ನು ನಾನು ಹೊರಗೆ ಹೇಳಿದೆ, ಇವತ್ತು ಬಂದ ಕೊಳವೆ ನಂಬಬೇಡಿ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. "ಕೊಳವೆಯ ವಿಷಯ ಗೊತ್ತಮ್ಮ. ನಿನ್ನೆ ನಿನ್ನ ಅಕ್ಕನೇ ಫೋನ್ ಮಾಡಿದ್ಲು. ಅವಳು ನಿನ್ನ ಅಕ್ಕ ಅಂತ ಮಾತ್ರ ಗೊತ್ತಿರಲಿಲ್ಲ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ, ಅವರು ಹೇಳುವ ಮೊದಲೇ.

ಗೋಡೆಯ ಮಾತು ಹೊರಗೆ ಹೇಳಿದ್ದು ದೊಡ್ಡ ತಪ್ಪು ಎಂದರು. "ಆ ಚುಕ್ಕೆ ಕೊಳವೆಯ ತಪ್ಪೇ ಆಗಿದ್ದಿದ್ರೆ, ನಿನ್ನ ಅಕ್ಕ ಸುಮ್ಮಸುಮ್ಮನೆ ಹೆದರಿ ಸಾಯ್ತಿದ್ಲು" ಎಂದರು. ಅದು ನಿಜ. ಈಗ ಆ ಹಾಳೆಗೆ ಪರದೆ ಹಾಕಿದ್ದಾರೆ, ನೆಲ ಒರೆಸಲು ಬೇರೆಯವರಿದ್ದಾರೆ. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಏಳು ಸಲ ಜಾಲಿಸು ಎಂದರೆ ಎಂಟು ಸಲ ಜಾಲಿಸುವವರು ಸಿಗುವುದಿಲ್ಲವಂತೆ. ಅದು ಅವರಿಗೆ ಹೇಗೆ ಗೊತ್ತಾಯಿತೋ. ಕನ್ನಡಕನೇ ಹೇಳಿರಬೇಕು.

ಗಿಣಿಯ ಎರಡನೇ ಕೊಳವೆಯೂ ಮೊದಲಿನ ಜಾಗಕ್ಕೇ ಹೋಗಿ ನಿಂತಿತಂತೆ. ಹೆಸರೆತ್ತದೆ ಮೇಡಮ್ಮೇ ನನಗೆ ಹೇಳಿದರು.

ಅವಳ ಆಪರೇಷನ್ನಿನ ಸುದ್ದಿ ಡ್ರೈವರ್ ಅಣ್ಣನಿಂದ ಕೇಳಿದೆ. ಮೂರನೇ ದಿನಕ್ಕೇ ಅವಳ ಮಾತಿಗೆ ವಾರ್ಡಿನವರಿಗೆಲ್ಲ ನಿದ್ದೆ ಇಲ್ಲ ಎಂದನಂತೆ ವಾರ್ಡ್ ಹುಡುಗ. ಹಾಗಾದರೆ ಅವಳು ಚೆನ್ನಾಗಿಯೇ ಇದ್ದಾಳೆ. ಪೂರ್ತಿ ವಾಸಿಯೋ ಎಂದು ಡಾಕ್ಟರು ಇನ್ನೂ ಹೇಳಿಲ್ಲ ಎಂಬುದೂ ಗೊತ್ತು. ಕಾಯೋಣ.

ಇವತ್ತಿನ ಪೆಟ್ಟಿಗೆಯ ಜೊತೆ ನಿಮ್ಮ ನರ್ಸಮ್ಮ ಮೇಡಂಗೆ ಒಂದು ಚೀಟಿ ಕಳಿಸಿದ್ದರು. ಮೇಡಂ ಅದನ್ನು ಓದಿ ನನ್ನ ಕೈಗೆ ಕೊಟ್ಟರು. "ಇದರಲ್ಲಿ ಬಟ್ಟೆ ಕೋಣೆಯವಳ ಕೊಳವೆ ಇದೆ. ಈ ಸಲ ಅವಳದೇ. ನಾನೇ ತೆಗೆದೆ. ಕೈಹಿಡಿದು ನಿಂತವಳು ಆಪರೇಷನ್ ಆದ ಪೇಷೆಂಟು, ಗಾಲಿಕುರ್ಚಿಯಲ್ಲಿ. ಒಂದು ಸಲ ತಲೆ ಸುತ್ತಿ ಬಿದ್ದಳು, ಎದ್ದ ಮೇಲೆ ಮತ್ತೆ ಕೈ ಚಾಚಿದಳು" ಎಂದು ಅದರಲ್ಲಿತ್ತು.

ಕೊಳವೆ ನೆಟ್ಟಗೆ ನಿಂತಿತ್ತು, ಐಸು ಇರಲಿಲ್ಲ. ದಾರಿಯಲ್ಲಿ ಕೊಳವೆಗೆ ಅಂಟಿಸಿದ್ದ ಚೀಟಿ ಮಾತ್ರ ಒದ್ದೆಯಾಗಿ ನಂಬರು ಕದಡಿಹೋಗಿತ್ತು. ಪಟ್ಟಿ ನೋಡಿ ಹೊಸ ಚೀಟಿ ಬರೆಯಬೇಕಿತ್ತು. ಕನ್ನಡಕ ಪೆನ್ನನ್ನು ನನ್ನ ಕಡೆ ಚಾಚಿ, "ನೀನೇ ಬರಿ. ನನ್ನ ಅಕ್ಷರ ನನಗೇ ಓದೋಕಾಗಲ್ಲ" ಎಂದ. ನಾನು ಕೈಯನ್ನು ಎರಡು ಸಲ ಒರೆಸಿಕೊಂಡು, ನಿಧಾನವಾಗಿ ನಿನ್ನ ಹೊಸ ನಂಬರು ಐವತ್ತೆಂಟು ಎಂದು ಬರೆದು ನಿನ್ನ ಕೊಳವೆಗೆ ಅಂಟಿಸಿದೆ. ಎಂಟು ಸ್ವಲ್ಪ ಓರೆಯಾಯಿತು. ಹಾಗೇ ಬಿಟ್ಟೆ.

ನಿನ್ನ ತಂಗಿ